ಚಾ, ಮಜ್ಜಿಗಿ, ಸೋಡಾ, ಬೋರ್ ನೀರು: ಯಾವುದು ಎಷ್ಟು ಹುಳಿ ಅಂತ ಮನ್ಯಾಗ ನೀವಾ ಚೆಕ್ ಮಾಡೂದು ಹೆಂಗ

ನಮ್ಮ ಅಪ್ಪಾರಿಗೆ ಎಪ್ಪತ್ತು ದಾಟೈತಿ, ದಿನಕ್ಕ ಆರು ಕಪ್ ಚಾ ಬೇಕ ಬೇಕು, ಮತ್ತ ದಿನಾ ಸಂಜಿಕೆ ಎದಿ ಉರಿ ಅಂತ ಕೂಡ್ತಾರ. ಹೋದ ಬ್ಯಾಸಗ್ಯಾಗ ಬಾಗಲಕೋಟಿ ನವನಗರದಾಗ ನಮ್ಮ ಮನಿಗೆ ನೀರಿನ ಮಶೀನ್ ಮಾರಾಂವ ಒಬ್ಬ ಬಂದಿದ್ದ. ಟೇಬಲ್ ಮ್ಯಾಲೆ ನಾಕು ಗಲಾಸ್ ಸಾಲಾಗಿ ಇಟ್ಟ, ಒಂದರಾಗ ನಮ್ಮ ಆರ್‌ಒ ನೀರು, ಒಂದರಾಗ ಬಿಳಿ ಕೂಲ್‌ಡ್ರಿಂಕ್ಸ್, ಒಂದರಾಗ ಹಾಲಿಲ್ಲದ ತೆಳ್ಳನ ಚಾ, ಕಡೀದರಾಗ ಅವನ ಮಶೀನ್ ನೀರು. ಸಣ್ಣ ಬಾಟ್ಲಿ ತಗದು ಎಲ್ಲಾದಕ್ಕೂ ಎರಡೆರಡು ಹನಿ ಬಿಟ್ಟ. ಆರ್‌ಒ ನೀರು ಹಳದಿ ಆತು, ಕೂಲ್‌ಡ್ರಿಂಕ್ಸ್ ಕೆಂಪಾತು, ಚಾ ಕೇಸರಿ ಕಡೆ ಹೋತು, ಅವನ ನೀರು ಮಾತ್ರ ಚೆಂದಂಗ ನೇರಳೆ ಬಣ್ಣ. "ನೋಡ್ರಿ ಕಾಕಾರ, ನೀವು ದಿನಾ ಆಸಿಡ್ ಕುಡ್ಯಾಕತ್ತೀರಿ, ನನ್ನ ಮಶೀನಿನ ಕ್ಷಾರದ ನೀರು ಕುಡದ್ರ ರಕ್ತನೂ ಕ್ಷಾರ ಆಗ್ತೈತಿ, ಉರಿನೂ ಹೋಗ್ತೈತಿ" ಅಂದ. ಅಪ್ಪಾರ ಮಾರಿ ಬಿಳಚ್ಕೊಂಡಿತ್ತು, ಚೆಕ್‌ಬುಕ್ ತಗಿಯಾಕ ಹೊಂಟಿದ್ರು.

ನಾ ಅವತ್ತು ಒಂದು ವಾರ ಟೈಮ್ ಕೇಳಿ ಆ ಮನಶಾನ್ನ ಕಳಿಸಿದೆ, ಆ ಒಂದು ವಾರದಾಗ ಅಡಿಗಿ ಮನ್ಯಾಗ ಕುಂತು ಕೈಗೆ ಸಿಕ್ಕ ಪ್ರತಿ ಕುಡಿಯೂ ವಸ್ತು ಚೆಕ್ ಮಾಡಿದೆ. ಅದರಿಂದ ನನಗ ತಿಳಿದಿದ್ದು ಒಂದಾ ಮಾತು, ಕಪ್‌ನ್ಯಾಗ ಇರೋ ಹುಳಿ ಬ್ಯಾರೆ, ಎದ್ಯಾಗ ಆಗೋ ಉರಿ ಬ್ಯಾರೆ. ಎರಡಕ್ಕೂ ನಾವು "ಆಸಿಡಿಟಿ" ಅಂತ ಒಂದಾ ಹೆಸರು ಇಟ್ಕೊಂಡೀವಿ, ಅಲ್ಲೇ ಮಂದಿ ಮೋಸ ಹೋಗ್ತಾರ. ಇದನ್ನ ಓದಿ ಬಿಡೂದಕ್ಕಿಂತ ಕೈಲೆ ಮಾಡಿ ನೋಡಿದ್ರ ಮತ್ಯಾರೂ ನಿಮಗ ಹನಿ ಹಾಕಿ ಹೆದರಿಸಾಕ ಆಗೂದಿಲ್ಲ, ಅದಕ್ಕ ಹೆಂಗ ಮಾಡೂದು ಅಂತ ಪೂರ್ತಿ ಬರದೀನಿ.

ಮೊದಲ ಪಿಎಚ್ ಅಂದ್ರ ಏನು ಅಂತ ಎರಡ ಮಾತಿನ್ಯಾಗ

1909ರಾಗ ಡೆನ್ಮಾರ್ಕಿನ ಸೋರೆನ್‌ಸೆನ್ ಅನ್ನೋ ವಿಜ್ಞಾನಿ ಈ ಅಳತಿ ತಂದಾ, ಅಂವ ಕೆಲಸಾ ಮಾಡ್ತಿದ್ದಿದ್ದು ಕೋಪನ್‌ಹೇಗನ್ನಿನ ಕಾರ್ಲ್ಸ್‌ಬರ್ಗ್ ಲ್ಯಾಬ್‌ನ್ಯಾಗ, ಅಂದ್ರ ಬಿಯರ್ ಕಂಪನಿಯ ಲ್ಯಾಬ್. ಸೊನ್ನೆಯಿಂದ 14ರ ತನಕ ಲೆಕ್ಕಾ. 7 ಅಂದ್ರ ನಡುವ, ಶುದ್ಧ ನೀರು. ಅದರ ಕೆಳಗ ಹುಳಿ ಅಂದ್ರ ಆಮ್ಲ, ಮ್ಯಾಲೆ ಕ್ಷಾರ, ಸುಣ್ಣ, ಅಡಿಗಿ ಸೋಡಾ ಎಲ್ಲಾ ಆ ಕಡೆ.

ಇಲ್ಲಿ ನೆನಪಿಡಬೇಕಾದ್ದು ಏನಂದ್ರ ಒಂದು ಮೆಟ್ಟಲಾ ಇಳದ್ರ ಹುಳಿ ಹತ್ತು ಪಟ್ಟು ಜಾಸ್ತಿ. ಎರಡು ಮೆಟ್ಟಲಕ್ಕ ನೂರು ಪಟ್ಟು. ಪಿಎಚ್ 5 ಇರೋ ಕರಿ ಚಾಕ್ಕೂ 2.5 ಇರೋ ಕೋಲಾಕ್ಕೂ ನಡುವ ಬರೀ ಎರಡೂವರಿ ಅಂತ ಕಾಣ್ತೈತಿ, ಆದ್ರ ಹತ್ತಿರ ಹತ್ತಿರ ಮುನ್ನೂರು ಪಟ್ಟು ಫರಕ ಅದು. ಎರಡಕ್ಕೂ "ಆಸಿಡ್" ಅಂತ ಒಂದಾ ಲೇಬಲ್ ಹಚ್ಚಿ ಒಂದಾ ಸಾಲಿನ್ಯಾಗ ಇಟ್ರ ಅದು ಸುಳ್ಳ ಹೇಳಿದಂಗಾ.

ಏನೇನು ಬೇಕು

ಒಂದು ಕೆಂಪು ಕ್ಯಾಬೇಜ್ (ಕೆಂಪು ಅಂತಾರ, ಆದ್ರ ನೋಡಾಕ ನೇರಳೆ ಇರ್ತೈತಿ). ನಮ್ಮ ಸಂತ್ಯಾಗ ಎಲ್ಲಾ ಟೈಮಿಗೂ ಸಿಗೂದಿಲ್ಲ, ದೊಡ್ಡ ಸೂಪರ್ ಮಾರ್ಕೆಟ್‌ನ್ಯಾಗ ಕೇಳ್ರಿ, ಬೆಳಗಾವಿ ಕಡೆಯವರಿಗೆ ಸಲೀಸಾಗಿ ಸಿಗ್ತೈತಿ. ಡಿಸ್ಟಿಲ್ಡ್ ವಾಟರ್ ಒಂದು ಬಾಟ್ಲಿ, ಬ್ಯಾಟರಿ ಅಂಗಡ್ಯಾಗ ಇರ್ತೈತಿ, ಆದ್ರ ಅಲ್ಲೇ ಬಾಜೂಕ ಬ್ಯಾಟರಿ ಆಸಿಡ್‌ನ ಬಾಟ್ಲಿನೂ ಇರ್ತಾವು, ಲೇಬಲ್ ಓದಿ ತಗೋರಿ. ಒಂದಾ ನಮೂನಿ ಇರೋ ಗಾಜಿನ ಗಲಾಸು ಏಳೆಂಟು, ಡ್ರಾಪರ್ ಇಲ್ಲಾ ಸಣ್ಣ ಚಮಚ, ಲಿಂಬಿಹಣ್ಣು, ಅಡಿಗಿ ಸೋಡಾ, ಬಟ್ಟಿ ಒಗಿಯೋ ಸೋಡಾ, ಎಲಿ ಅಡಿಕಿಗೆ ಹಚ್ಚೋ ಸುಣ್ಣ, ಬಿಳಿ ವಿನೆಗಾರ್.

ಕ್ಯಾಬೇಜ್ ಸಿಗಲಿಲ್ಲಂದ್ರ ಕೆಂಪು ದಾಸವಾಳದ ಹೂ ನಡಿತೈತಿ. ಅದರ ಎಸಳು ಬಿಸಿನೀರಾಗ ನೆನಸಿದ್ರ ಬರೋ ಬಣ್ಣದ ನೀರು ಹುಳಿಗೆ ಗುಲಾಬಿ ಕೆಂಪು, ಕ್ಷಾರಕ್ಕ ಹಸರು. ಅರಿಶಿಣ ಅಂತೂ ಎಲ್ಲಾರ ಮನ್ಯಾಗೂ ಐತಿ, ಆರತಿಗೆ ಅರಿಶಿಣದ ನೀರಿಗೆ ಚೂರು ಸುಣ್ಣ ಹಾಕಿ ಕೆಂಪು ಮಾಡ್ತೀವಲ್ಲ, ನಮ್ಮ ಅವ್ವಗೋಳು ಅಜ್ಜಿಗೋಳು ಲ್ಯಾಬ್ ಇಲ್ಲದನಾ ಮಾಡ್ಕೊಂಡು ಬಂದ ಪಿಎಚ್ ಪರೀಕ್ಷೆ ಅದು. ಆದ್ರ ಅರಿಶಿಣ ಕ್ಷಾರಕ್ಕ ಮಾತ್ರ ಕೆಂಪಾಗ್ತೈತಿ, ಏಳೂವರಿ ಕೆಳಗ ಎಲ್ಲಾದಕ್ಕೂ ಹಳದಿನಾ, ಹಂಗಾಗಿ ಚಾಕ್ಕೂ ಲಿಂಬಿಗೂ ಫರಕ ತೋರ್ಸೂದಿಲ್ಲ. ನಮ್ಮ ಕೆಲಸಕ್ಕ ಕ್ಯಾಬೇಜಾ ಬೇಷ್.

ಬಣ್ಣದ ನೀರು ಮಾಡೂದು

ಕಾಲು ಭಾಗ ಕ್ಯಾಬೇಜ್ ಸಣ್ಣಗ ಹೆಚ್ರಿ. ಸ್ಟೀಲ್ ಪಾತ್ರ್ಯಾಗ ಹಾಕಿ ಮುಳುಗುವಷ್ಟು ಡಿಸ್ಟಿಲ್ಡ್ ವಾಟರ್ ಕುದಿಸಿ ಸುರವಿ ಮುಚ್ಚಿಡ್ರಿ, ಹದಿನೈದು ನಿಮಿಷಕ್ಕ ಎಲಿ ಬಿಳಚ್ಕೊಂಡು ನೀರು ಕಡು ನೇರಳೆ ಆಗಿರ್ತೈತಿ, ಸೋಸ್ಕೊಂಡು ಆರಿಸ್ರಿ. ವಾಸನಿ ಚೂರು ಬರ್ತೈತಿ, ಕಿಡಕಿ ತಗದು ಇಡ್ರಿ.

ನಾ ಮೊದಲನೇ ಸಲ ಇದನ್ನ ಬೋರ್ ನೀರಾಗ ಮಾಡಿದ್ದೆ. ನೀರು ನೇರಳೆ ಆಗೂದು ಬಿಟ್ಟು ನೀಲಿ ಆತು. ಕ್ಯಾಬೇಜಾ ಕೆಟ್ಟೈತೇನೋ ಅಂತ ಅರ್ಧ ತಾಸು ತಲಿ ಕೆಡಿಸ್ಕೊಂಡು ಆಮ್ಯಾಲೆ ಹೊಳೀತು, ನಮ್ಮ ಬೋರ್ ನೀರ್ನಾಗ ಬೈಕಾರ್ಬೊನೇಟ್ (ಅಡಿಗಿ ಸೋಡಾದಾಗ ಇರೋ ಅಂಥಾದ್ದಾ) ತುಂಬೇತಿ, ಅದಾ ಕ್ಷಾರದ ಕಡೆ ಐತಿ, ಕ್ಯಾಬೇಜು ಖರೇನಾ ಹೇಳಾಕತ್ತಿತ್ತು. ಅದಕ್ಕ ಡಿಸ್ಟಿಲ್ಡ್ ವಾಟರ್ ಅಂತ ಒತ್ತಿ ಹೇಳೂದು. ಅದು ಇಲ್ಲಂದ್ರ ಆರ್‌ಒ ನೀರು ನಡಿತೈತಿ.

ಹನಿ ಹಚ್ಚಿ ನೋಡಾಕ ಕಾಗದದ ಪಟ್ಟಿ ಮಾಡ್ಕೊಬೇಕಂದ್ರ ಫಿಲ್ಟರ್ ಪೇಪರ್ ಈ ನೀರಾಗ ಅದ್ದಿ ನೆಳ್ಳಾಗ ಒಣಗಿಸಿ ಕತ್ತರಿಸ್ರಿ. ಜೆರಾಕ್ಸ್ ಪೇಪರ್ ಬ್ಯಾಡ, ಈಗಿನ ಬಿಳಿ ಹಾಳ್ಯಾಗ ಬಹಳಷ್ಟಕ್ಕ ಸುಣ್ಣದಕಲ್ಲಿನ ಪುಡಿ ಸೇರಿಸಿರ್ತಾರ, ಏನೂ ಹಚ್ಚದನಾ ನೀಲಿ ಆಗಿ ಕುಂದರ್ತೈತಿ. ಉಳಿದ ಬಣ್ಣದ ನೀರು ಫ್ರಿಜ್‌ನ್ಯಾಗ ಎರಡ್ಮೂರು ದಿನ ಇರ್ತೈತಿ, ಬಾಟ್ಲಿ ಮ್ಯಾಲೆ ಹೆಸರು ಬರದು ಅಂಟಿಸ್ರಿ, ಹುಡುಗ್ರು ರಸ್ನಾ ಅಂತ ಕುಡದ್ರ ನಿಮ್ಮ ಪರೀಕ್ಷೆ ಹೋತು.

ಮೊದಲ ಗೊತ್ತಿರೋ ಗಲಾಸು, ಆಮ್ಯಾಲೆ ಗೊತ್ತಿಲ್ಲದ್ದು

ಬಹಳ ಮಂದಿ ಸೀದಾ ಚಾಕ್ಕ ಹನಿ ಹಾಕಿ "ಇದ್ಯಾವ ಬಣ್ಣ" ಅಂತ ಕುಂದರ್ತಾರ. ಹಂಗ ಮಾಡಬ್ಯಾಡ್ರಿ. ಮೊದಲ ಅಳತಿ ಸಾಲು ಕಟ್ಟಬೇಕು. ಎಲ್ಲಾ ಗಲಾಸಿಗೂ ಮೂರು ಚಮಚ ದ್ರವ, ಒಂದು ಚಮಚ ಬಣ್ಣದ ನೀರು, ಹಿಂದ ಬಿಳಿ ಹಾಳಿ, ಹಗಲಿನ ಬೆಳಕು.

ಲಿಂಬಿ ರಸ ಹಾಕಿದ್ದು ಕೆಂಪು, ಅದರ ಪಿಎಚ್ 2ರ ಆಜೂಬಾಜೂ. ವಿನೆಗಾರ್ ಹಾಕಿದ್ದು ಅದಕ್ಕಿಂತ ಚೂರು ಗುಲಾಬಿ, 2.5ರಿಂದ 3. ಡಿಸ್ಟಿಲ್ಡ್ ನೀರು ನೇರಳೆ. ಅಡಿಗಿ ಸೋಡಾ ಕಲಸಿದ ನೀರು ನೀಲಿ, 8.3 ಹತ್ತಿರ. ಬಟ್ಟಿ ಒಗಿಯೋ ಸೋಡಾ ಹಸರು, 11 ಹತ್ತಿರ. ಸುಣ್ಣ ಕಲಸಿ ಒಂದು ತಾಸು ಬಿಟ್ಟು ಮ್ಯಾಲಿನ ತಿಳಿನೀರು ತಗೊಂಡ್ರ ಹಸರು ಹೋಗಿ ಹಳದಿ ಕಡೆ ಹೊಳ್ಳತೈತಿ, ಅದು 12 ದಾಟಿರ್ತೈತಿ. ಸುಣ್ಣದ ನೀರು ಕಣ್ಣಿಗೆ ಹೋಗಬಾರದು, ಹುಡುಗ್ರ ಕೈಯ್ಯಾಗ ಕೊಡಬ್ಯಾಡ್ರಿ, ಕೈಗೆ ಬಿದ್ರ ಆಗಿಂದಾಗ ನೀರಾಗ ತೊಳೀರಿ.

ಕೆಂಪು, ಗುಲಾಬಿ, ನೇರಳೆ, ನೀಲಿ, ಹಸರು, ಹಳದಿ ಅಂತ ಆರು ಗಲಾಸು ಸಾಲಾಗಿ ನಿಂತಾಗ ನಮ್ಮ ಅಪ್ಪಾರು ಚಷ್ಮಾ ಹಾಕ್ಕೊಂಡು ಬಂದು ಸ್ಟೂಲ್ ಎಳಕೊಂಡು ಕುಂತ್ರು. ಮೊಬೈಲ್‌ನ್ಯಾಗ ಒಂದು ಫೋಟೋ ಹೊಡಕೋರಿ, ಮುಂದ ಹೋಲಿಸಾಕ ಬೇಕಾಗ್ತೈತಿ.

ಈಗ ಕುಡಿಯೂ ವಸ್ತು

ಬಣ್ಣ ಇಲ್ಲದ್ದು ಸಲೀಸು. ಎಳನೀರು, ಸೋಡಾ, ನಲ್ಲಿ ನೀರು, ಲಿಂಬಿ ಶರಬತ್ತು ಎಲ್ಲಾ ಸೀದಾ ಹಾಕಿ ನೋಡ್ರಿ. ಗೋಲಿ ಸೋಡಾ ಹಾಕಿದ್ರ ಗುಲಾಬಿ ಕಡೆ ಹೋಗ್ತೈತಿ, ಅದರಾಗಿರೋ ಗ್ಯಾಸ್ ನೀರಾಗ ಕರಗಿದ್ರ ಕಾರ್ಬಾನಿಕ್ ಆಸಿಡ್ ಆಗ್ತೈತಿ, ಚಮಚದಿಂದ ತಿರುವಿ ತಿರುವಿ ಗ್ಯಾಸ್ ಬಿಟ್ರ ಬಣ್ಣ ಮತ್ತ ನೇರಳೆ ಕಡೆ ವಾಪಸ್ ಬರೂದು ಕಣ್ಣಿಗೆ ಕಾಣ್ತೈತಿ. ಕೂಲ್‌ಡ್ರಿಂಕ್ಸ್ ಹಂಗಲ್ಲ, ಗ್ಯಾಸ್ ಎಲ್ಲಾ ಹೋದಮ್ಯಾಲೂ ಕೆಂಪಾ ಇರ್ತೈತಿ, ಯಾಕಂದ್ರ ಅದರಾಗ ಸಿಟ್ರಿಕ್ ಆಸಿಡೋ ಫಾಸ್ಫಾರಿಕ್ ಆಸಿಡೋ ಬ್ಯಾರೆ ಹಾಕಿರ್ತಾರ.

ಮಜ್ಜಿಗಿ ಬೆಳ್ಳಗಿರೂದಕ್ಕ ಬಣ್ಣ ಸರಿ ಕಾಣೂದಿಲ್ಲ. ಒಂದರ್ಧ ತಾಸು ಅಲುಗಾಡಿಸದ ಇಟ್ಟು ಮ್ಯಾಲೆ ನಿಂತ ತಿಳಿನೀರು ಚಮಚದಿಂದ ತಗೋರಿ. ಅದಕ್ಕ ಹನಿ ಬಿದ್ದ ಕೂಡ್ಲೆ ಚೆಂದಂಗ ಗುಲಾಬಿ.

ಚಾ ತ್ರಾಸಿನದು, ಅದರದಾ ಕಂದು ಬಣ್ಣ ಎಲ್ಲಾ ಮುಚ್ಚಿಬಿಡ್ತೈತಿ. ಹಾಲಿಲ್ಲದ ಚಾ ಒಂದು ಚಮಚಕ್ಕ ಡಿಸ್ಟಿಲ್ಡ್ ನೀರು ನಾಕು ಚಮಚ ಹಾಕಿ ತೆಳ್ಳಗ ಮಾಡ್ರಿ, ಅಂಥಾವಾ ಎರಡು ಗಲಾಸ್ ಮಾಡಿ ಒಂದಕ್ಕ ಮಾತ್ರ ಕ್ಯಾಬೇಜ್ ನೀರು ಹಾಕಿ ಬಾಜೂಕ ಇಟ್ಟು ಹೋಲಿಸ್ರಿ. ನೀರು ಕೂಡಿಸಿದ್ರ ಪಿಎಚ್ ಚೂರು ಮ್ಯಾಲೆ ಹೋಗ್ತೈತಿ, ಆದ್ರ ಎಂಥಾ ಬಣ್ಣದ ಕುಟುಂಬ ಅನ್ನೂದು ತಿಳಿತೈತಿ. ಹಾಲಿನ ಚಾಕ್ಕ ಈ ದಾರಿ ಆಗೂದಿಲ್ಲ, ಅದಕ್ಕ ಪಟ್ಟಿನಾ ಬೇಕು, ಒಂದು ಹನಿ ಪಟ್ಟಿಗೆ ಹಚ್ಚಿ ಹನಿಯ ಅಂಚಿನ್ಯಾಗ ಬರೋ ಬಣ್ಣ ನೋಡಬೇಕು. ಅದಕ್ಕಿಂತ ಸಲೀಸು ಅಂದ್ರ ಲ್ಯಾಬ್ ಸಾಮಾನು ಮಾರೋ ಅಂಗಡ್ಯಾಗ ಸಿಗೋ ಪಿಎಚ್ ಪೇಪರ್ ಪುಸ್ತಕ, 1ರಿಂದ 14ರ ತನಕ ಬಣ್ಣದ ಚಾರ್ಟ್ ಜೋಡಿನಾ ಬರ್ತೈತಿ.

ಸಾಮಾನ್ಯವಾಗಿ ಬರೋ ನಂಬರು ಇಲ್ಲಿ ಹೇಳ್ತೇನಿ, ನಿಮ್ದು ಚೂರು ಹಿಂದ ಮುಂದ ಆದ್ರ ಗಾಬರಿ ಬ್ಯಾಡ. ಲಿಂಬಿ ರಸ 2ರಿಂದ 2.6. ನಮ್ಮ ವಿಜಯಪುರ ಕಡೆ ಇಂಡಿ ಊರಿನ ಲಿಂಬಿ ಜಿಐ ಟ್ಯಾಗ್ (ಊರಿನ ಹೆಸರಿನ್ಯಾಗ ಸಿಗೋ ಸರ್ಕಾರಿ ಗುರುತು) ತಗೊಂಡಿದ್ದು ಸುಮ್ನಾ ಅಲ್ಲ, ಅರ್ಧ ಹೋಳು ಹಿಂಡಿದ್ರ ಇಡೀ ಗಲಾಸ್ ನೀರನ್ನ ಕೆಂಪು ಮಾಡ್ತೈತಿ. ಕೋಲಾ 2.5 ಸುಮಾರು. ಪ್ಯಾಕೆಟ್ ಕಿತ್ತಳೆ ಜ್ಯೂಸ್ 3.5ರಿಂದ 4. ಮಜ್ಜಿಗಿ 4ರಿಂದ 4.6, ಎಷ್ಟು ಹುಳಿ ಬಂದೈತಿ ಅನ್ನೂದರ ಮ್ಯಾಲೆ. ಕರಿ ಚಾ, ಕರಿ ಕಾಫಿ ಎರಡೂ 5ರ ಆಜೂಬಾಜೂ. ಎಳನೀರು, ಕಬ್ಬಿನ ಹಾಲು 5ರಿಂದ 5.5, ಕಬ್ಬಿನ ಹಾಲಿಗೆ ಲಿಂಬಿ ಹಿಂಡಿದ್ರ ಅಷ್ಟಕ್ಕಾ ನಿಲ್ಲೂದಿಲ್ಲ, ಕೆಳಗ ಇಳೀತೈತಿ. ಹಾಲು 6.6. ಹಾಲು ಹಾಕಿದ ಚಾ 6ರ ಮ್ಯಾಲೆ. ಕುಡಿಯೂ ನೀರಿಗೆ ನಮ್ಮ ದೇಶದ ಮಾನದಂಡ 6.5ರಿಂದ 8.5.

ಈ ಸಾಲಿನ್ಯಾಗ ಮಜ್ಜಿಗಿ ಎಲ್ಲೈತಿ, ಹಾಲಿನ ಚಾ ಎಲ್ಲೈತಿ ಅಂತ ಒಂದ್ಸಲ ನೋಡ್ರಿ. ಅಪ್ಪಾರಿಗೆ ಚಾ ಕುಡದ್ರ ಉರಿ, ಮಜ್ಜಿಗಿ ಕುಡದ್ರ ತಣ್ಣಗ. ಆದ್ರ ಈ ನಂಬರಿನ ಪ್ರಕಾರ ಮಜ್ಜಿಗಿ ಹಾಲಿನ ಚಾಕ್ಕಿಂತ ನೂರು ಪಟ್ಟಿಗೆ ಹತ್ತಿರ ಹುಳಿ! ಉರಿಗೆ ಕಪ್‌ನ್ಯಾಗಿನ ಹುಳಿನಾ ಕಾರಣ ಆಗಿದ್ರ ಮಜ್ಜಿಗಿ ಕುಡದ ದಿನಾ ಅಪ್ಪಾರು ನೆಲಕ್ಕ ಬೀಳಬೇಕಿತ್ತು. ಗುಲಾಬಿ ಗಲಾಸು, ಬಾಜೂಕ ಚಾದ ಪಟ್ಟಿ ಇಟ್ಟು ತೋರಿಸಿದಾಗ ಅವರು ಬಹಳ ಹೊತ್ತು ಏನೂ ಮಾತಾಡ್ಲಿಲ್ಲ, ಆಮ್ಯಾಲೆ "ಹಂಗಾದ್ರ ಅಂವ ತೋರ್ಸಿದ್ದೇನು" ಅಂತ ಕೇಳಿದ್ರು.

ಅಂವ ತೋರ್ಸಿದ್ದು ಏನು ಅಂತ ನೀವೂ ಮಾಡಿ ನೋಡ್ರಿ

ಒಂದು ಗಲಾಸ್ ಆರ್‌ಒ ನೀರಿಗೆ ಕ್ಯಾಬೇಜ್ ನೀರು ಹಾಕಿ ಚಿಟಿಕಿ ಅಡಿಗಿ ಸೋಡಾ ಹಾಕ್ರಿ. ನೀಲಿ. ಅವನ ಬಾಟ್ಲಿಯ ಹನಿ ಬ್ಯಾರೆ ನಮೂನಿದು, ಅದರಾಗ ಕ್ಷಾರಕ್ಕ ನೇರಳೆ, ಚೂರು ಹುಳಿಗೆ ಹಳದಿ ಬರ್ತೈತಿ, ನಮ್ಮ ಕ್ಯಾಬೇಜಿನ್ಯಾಗ ಕ್ಷಾರಕ್ಕ ನೀಲಿ. ಮಶೀನ್ ನೀರಿನ ಚೆಂದದ ಬಣ್ಣಕ್ಕ ನಿಮಗ ಖರ್ಚು ಆದದ್ದು ಒಂದು ಚಿಟಿಕಿ ಸೋಡಾ. ಅದು ಔಷಧ ಅಲ್ಲ, ಬರೇ ಬಣ್ಣ.

ಆರ್‌ಒ ನೀರು ಯಾಕ ಹಳದಿ ಆತು ಅಂದ್ರ ಅದರಾಗ ಖನಿಜ ಕಡಿಮಿ, ಹುಳಿ ತಡಕೊಳ್ಳೋ ತಾಕತ್ತು ಇಲ್ಲ, ಗಾಳ್ಯಾಗಿನ ಕಾರ್ಬನ್ ಡೈಆಕ್ಸೈಡ್ ಚೂರು ಕರಗಿದ್ರ ಸಾಕು 6ಕ್ಕೋ ಅದರ ಕೆಳಕ್ಕೋ ಇಳೀತೈತಿ. ಬಾಯಿಗೆ ಹುಳಿ ಹತ್ತೂದಿಲ್ಲ, ಹೊಟ್ಟಿಗೆ ತೊಂದ್ರಿನೂ ಇಲ್ಲ.

ಇನ್ನೊಂದು ಐತಿ, ಇದು ನನಗ ಬಹಳ ಸೇರಿದ್ದು. ಆರ್‌ಒ ನೀರಿಗೆ ಸುಣ್ಣದ ತಿಳಿ ಎರಡ ಹನಿ ಹಾಕಿ ಕ್ಯಾಬೇಜ್ ನೀರು ಬೆರೆಸ್ರಿ, ನೀಲಿ ಹಸರು ಬರ್ತೈತಿ. ಈಗ ಸ್ಟ್ರಾ ಹಚ್ಚಿ ನೀವು ಮೆಲ್ಲಕ ಊದ್ರಿ, ಹೀರಬ್ಯಾಡ್ರಿ ಮತ್ತ. ಊದ್ತಾ ಊದ್ತಾ ಹಸರು ನೀಲಿ ಆಗಿ, ನೀಲಿ ನೇರಳೆ ಆಗಿ ಇಳೀತೈತಿ. ನಿಮ್ಮ ಉಸಿರಾ ಅದನ್ನ ಹುಳಿ ಮಾಡ್ತು. ನಮ್ಮ ರಕ್ತದ ಪಿಎಚ್ 7.35ರಿಂದ 7.45ರ ನಡುವ ಇರ್ತೈತಿ, ಅದನ್ನ ಅಲ್ಲೇ ಹಿಡಿಯೋ ಕೆಲಸಾ ಮಾಡೂದು ಹಿಂಗ ಕಾರ್ಬನ್ ಡೈಆಕ್ಸೈಡ್ ಹೊರಗ ಹಾಕೋ ಪುಪ್ಪುಸ, ಮತ್ತ ಹೆಚ್ಚಾದ ಆಮ್ಲ ಮೂತ್ರದಾಗ ಕಳಿಸೋ ಕಿಡ್ನಿ. ಹಗಲು ರಾತ್ರಿ ನಡೆಯೋ ಕೆಲಸಾ ಇದು, ಒಂದು ಗಲಾಸ್ ನೇರಳೆ ನೀರಿಂದ ರಕ್ತ ಕ್ಷಾರ ಆಗೂದಿಲ್ಲ.

ಹೊಟ್ಟಿಗೆ ಬಂದ್ರ ಅಲ್ಲಿ ಜಠರದ ರಸದ ಪಿಎಚ್ 1.5ರಿಂದ 3.5. ಬರೀ ಪಿಎಚ್ 9 ಇರೋ ನೀರು, ಬೈಕಾರ್ಬೊನೇಟ್ ಏನೂ ಇಲ್ಲದ್ದು, ಕಾಲು ಲೀಟರ್ ಕುಡದ್ರ ಪಿಎಚ್ 2 ಇರೋ ಜಠರ ರಸದಾಗ ಒಂದು ಮಿಲಿಲೀಟರ್‌ನೂ ಪೂರ್ತಿ ಶಮನ ಆಗೂದಿಲ್ಲ, ಲೆಕ್ಕಾ ಹಾಕಿ ನೋಡೀನಿ. ಪಿಎಚ್ ನಂಬರು ಹುಳಿ ಎಷ್ಟು ಖಡಕ್ ಅಂತ ಹೇಳ್ತೈತಿ, ಎಷ್ಟು ತಡಕೊಳ್ಳೋ ಶಕ್ತಿ ಐತಿ ಅಂತ ಹೇಳೂದಿಲ್ಲ. ಈ ಮಾತಿಗೆ ನಮ್ಮ ಬೋರ್ ನೀರು ಗೆಲ್ತೈತಿ ನೋಡ್ರಿ, ಪಿಎಚ್ 7.5 ಇದ್ರೂ ಬೈಕಾರ್ಬೊನೇಟ್ ಇರೂದಕ್ಕ ಆ 9ರ ನೀರಿಗಿಂತ ಎಷ್ಟೋ ಹೆಚ್ಚು ಆಮ್ಲ ತಡಕೊಳ್ತೈತಿ. ಹಂಗಂತ ಬೋರ್ ನೀರು ಔಷಧ ಅಂತ ಕುಡೀಬ್ಯಾಡ್ರಿ, ನಮ್ಮ ಕಡೆ ಫ್ಲೋರೈಡ್ ಟೆಸ್ಟ್ ಮಾಡಿಸದ ಬೋರ್ ನೀರು ಕುಡಿಯೂದಾ ತಪ್ಪು.

ನಂಬರು ಖರೇನಾ ಬೇಕು ಅನ್ನೋರಿಗೆ ಪೆನ್ ಮೀಟರ್

ಆನ್‌ಲೈನ್ ಸಿಗೋ ಪಿಎಚ್ ಪೆನ್ ತಗೊಂಡ್ರ ಜೋಡಿ ಪೆನ್ ಸೆಟ್ ಮಾಡಾಕ ಗೊತ್ತಿರೋ ಪಿಎಚ್‌ನ ಪುಡಿಯ ಪ್ಯಾಕೆಟ್ ಬರ್ತಾವು, 4.01, 6.86, ಕೆಲವಕ್ಕ 9.18 ಸೈತ. ಒಂದೊಂದನ್ನ ಪ್ಯಾಕೆಟ್ ಮ್ಯಾಲೆ ಬರದಷ್ಟು, ಸಾಮಾನ್ಯ 250 ಮಿಲಿ, ಡಿಸ್ಟಿಲ್ಡ್ ನೀರಾಗ ಕರಗಿಸ್ರಿ. ಮೊದಲ 6.86ರಾಗ ಅದ್ದಿ ಸೆಟ್ ಮಾಡ್ರಿ, ತೊಳದು 4.01ರಾಗ. ಈ ಕ್ಯಾಲಿಬ್ರೇಶನ್ ಮಾಡದ ಬರೋ ನಂಬರು ನಂಬಬ್ಯಾಡ್ರಿ, ಹೊಸಾ ಪೆನ್ನಾದ್ರೂ ಸೈತ.

ಬಿಸಿ ಚಾದಾಗ ಅದ್ದಬಾರದು. ಬಿಸಿ ಆದ್ರ ಪಿಎಚ್ ತಾನಾ ಬದಲಾಗ್ತೈತಿ, ಕುದಿಯೋ ಶುದ್ಧ ನೀರಿನ ಪಿಎಚ್ 6.1 ಹತ್ತಿರ ಇರ್ತೈತಿ, ಹಂಗಂತ ಅದು ಹುಳಿ ಆಗಿಲ್ಲ, ಆ ಬಿಸಿಗೆ ನಡುವಿನ ನಂಬರಾ ಅದು. ಏಪ್ರಿಲ್‌ನ್ಯಾಗ ನಮ್ಮ ಊರಿನ ರೂಮ್ ಟೆಂಪರೇಚರ್ ಅಂದ್ರನಾ 35 ದಾಟಿರ್ತೈತಿ, ಅದಕ್ಕ ಕ್ಯಾಲಿಬ್ರೇಶನ್ ನೀರೂ ಚಾನೂ ಒಂದಾ ಕಡೆ ಒಂದು ತಾಸು ಇಟ್ಟು ಒಂದಾ ಬಿಸಿಗೆ ತಂದು ಆಮ್ಯಾಲೆ ನೋಡ್ರಿ. ಅದ್ದಿ ಮೆಲ್ಲಕ ತಿರುವಿ ನಂಬರು ನಿಲ್ಲೂ ತನಕ ಕಾಯ್ರಿ. ಹಾಲಿನ ಚಾದಾಗ ಅದ್ದಿದಮ್ಯಾಲೆ ಗಾಜಿನ ಬುರುಡಿಗೆ ಕೆನಿ ಅಂಟ್ತೈತಿ, ಸೋಪಿನ ತೆಳ್ಳನ ನೀರಾಗ ಅದ್ದಿ ತೊಳೀರಿ, ಬಟ್ಟಿಲೆ ತಿಕ್ಕಬ್ಯಾಡ್ರಿ. ಕ್ಯಾಪಿನ್ಯಾಗ ಪೊಟ್ಯಾಸಿಯಂ ಕ್ಲೋರೈಡ್ ದ್ರಾವಣ ಎರಡ್ಮೂರು ಹನಿ ಇರಲಿ, ಒಣಗಿಸಿದ್ರ ಪೆನ್ ಹಾಳು.

ಚಾನಾ ಒಂದು ಬಣ್ಣದ ಪಟ್ಟಿ

ಎರಡು ಕಪ್ ಹಾಲಿಲ್ಲದ ಚಾ ಇಡ್ರಿ. ಒಂದಕ್ಕ ನಾಕು ಹನಿ ಲಿಂಬಿ ರಸ, ಕಣ್ಮುಂದನಾ ಕಡು ಕಂದು ಹೋಗಿ ಬಂಗಾರದ ಬಣ್ಣ ಬರ್ತೈತಿ. ಇನ್ನೊಂದಕ್ಕ ಚಿಟಿಕಿ ಸೋಡಾ, ಕಪ್ಪಗ ಆಗ್ತೈತಿ. ಚಾದ ಬಣ್ಣ ಕೊಡೋ ವಸ್ತುಗೋಳು ಹುಳಿಗೊಂದು ಕ್ಷಾರಕ್ಕೊಂದು ಬಣ್ಣ ತೋರಸ್ತಾವು. ಕಮ್ಮಿ ಪುಡಿ ಹಾಕಿ ಸೋಡಾದಿಂದ ಕಡಕ್ ಬಣ್ಣ ತರೂದು ಈ ದಾರಿಲೇನಾ, ಬಣ್ಣ ಬರ್ತೈತಿ ರುಚಿ ಬರೂದಿಲ್ಲ, ನಾಲಿಗಿ ಮ್ಯಾಲೆ ಸೋಪಿನಂಥಾ ಒಂದು ಜಾರು ಉಳೀತೈತಿ.

ಚಾದ ಒಗರನ್ನ ಬಹಳ ಮಂದಿ ಆಸಿಡ್ ಅಂತ ತಿಳಕೊಂಡಾರ. ಒಗರು ಬರೂದು ಟ್ಯಾನಿನ್‌ನಿಂದ, ಅಡಿಕಿ ಜಗದಾಗ, ಕಾಯಿ ಬಾಳಿಹಣ್ಣು ತಿಂದಾಗ ಬಾಯಿ ಹಿಡಿತೈತಲ್ಲ ಅಂಥಾದ್ದು. ಅದಕ್ಕೂ ಪಿಎಚ್‌ಗೂ ಸಂಬಂಧ ಕಡಿಮಿ. ಹಾಲು ಹಾಕಿದ್ರ ಹಾಲಿನ ಪ್ರೋಟೀನು ಟ್ಯಾನಿನ್ ಹಿಡಕೊಂಡು ಒಗರು ಇಳಸ್ತೈತಿ.

ಬೋರ್ ನೀರಾಗ ಮಾಡಿದ ಕರಿ ಚಾ ಹತ್ತು ನಿಮಿಷ ಬಿಟ್ಟು ನೋಡ್ರಿ, ಮ್ಯಾಲೆ ಎಣ್ಣಿ ಪೊರಿಯಂಗ ಒಂದು ಹೊಳಪು ಕಟ್ಟಿರ್ತೈತಿ, ಕಪ್ಪಿನ ಅಂಚಿಗೂ ಕಂದು ಗೆರಿ ಕುಂತಿರ್ತೈತಿ. ಅದು ಚಾಪುಡಿ ಕಲಬೆರಕಿ ಅಲ್ಲ. ಗಡಸು ನೀರಿನ ಕ್ಯಾಲ್ಸಿಯಂ, ಬೈಕಾರ್ಬೊನೇಟ್, ಚಾದಾಗಿನ ವಸ್ತು ಎಲ್ಲಾ ಗಾಳಿ ಸೇರಿ ಕಟ್ಟೋ ಪೊರಿ. ಲಿಂಬಿ ಎರಡ ಹನಿ ಬಿದ್ರ ಕಟ್ಟೂದಿಲ್ಲ. ಅದಾ ಚಾಪುಡಿ ಹೊಳಿ ನೀರಾಗ ಮಾಡಿದ್ರ ಕೆಂಪಗ ಚುರುಕಾಗಿ ಬರ್ತೈತಿ, ಬೋರ್ ನೀರಾಗ ಮಂಕಾಗಿ ಕಪ್ಪಗ ಬರ್ತೈತಿ, ಅದಕ್ಕನಾ ಊರಿಂದ ಊರಿಗೆ ಚಾ ರುಚಿ ಬದಲಾಗೂದು.

ಹಂಗಾದ್ರ ಎದಿ ಉರಿ ಯಾಕ

ಚಾದಾಗಿನ ಕೆಫೀನ್ ಅನ್ನನಾಳದ ಕೆಳಗಿನ ಬಾಗಲಾ ಸಡಿಲ ಮಾಡ್ತೈತಿ, ಹೊಟ್ಟ್ಯಾಗಿನ ಆಮ್ಲ ಮ್ಯಾಲೆ ಬರ್ತೈತಿ. ಅಂದ್ರ ಉರಿಯೂದು ನಿಮ್ಮದಾ ಆಮ್ಲ, ಚಾದ ಆಮ್ಲ ಅಲ್ಲ. ಖಾಲಿ ಹೊಟ್ಟ್ಯಾಗ ಕುಡಿಯೂದು, ಮಿರ್ಚಿ ಭಜಿ ಜೋಡಿ ಕುಡಿಯೂದು, ರಾತ್ರಿ ತಡ ಉಂಡು ಕೂಡ್ಲೆ ಅಡ್ಡಾಗೂದು, ತಂಬಾಕು, ಇವು ಅದಕ್ಕ ಕೂಡ್ತಾವು. ತಣ್ಣನ ಹಾಲು ಕುಡದ್ರ ಗಳಿಗಿ ಹೊತ್ತು ಹಿತ ಅನಸ್ತೈತಿ, ಆದ್ರ ಅದರಾಗಿನ ಪ್ರೋಟೀನು ಕ್ಯಾಲ್ಸಿಯಂ ಮತ್ತ ಆಮ್ಲ ಸುರಸಾಕ ಹಚ್ತಾವು.

ಅಪ್ಪಾರಿಗೆ ಚಾ ಬಿಡಸಲಿಲ್ಲ. ಆರು ಕಪ್ಪು ಮೂರಾತು, ಬೆಳಿಗ್ಗೆದ್ದು ಎರಡು ಬಿಸ್ಕೀಟ್ ಇಲ್ಲಾ ಚೂರು ರೊಟ್ಟಿ ತಿಂದಮ್ಯಾಲೆ, ಕಡೀದು ಸಂಜಿ ಐದಕ್ಕ, ರಾತ್ರಿ ಊಟ ಎಂಟರೊಳಗ, ಉಂಡು ಎರಡ್ಮೂರು ತಾಸು ಅಡ್ಡಾಗೂದಿಲ್ಲ. ಮೂರು ವಾರದಾಗ ಉರಿ ಬಹಳ ಕಡಿಮಿ ಆತು. ಊಟದ ಜೋಡಿನಾ ಚಾ ಕುಡಿಯೂದು ನಿಲ್ಲಿಸಿದ್ವಿ, ಅದು ಉರಿಗಲ್ಲ, ಟ್ಯಾನಿನ್ ಊಟದಾಗಿನ ಕಬ್ಬಿಣದ ಅಂಶ ಹೀರಕೊಳ್ಳಾಕ ಬಿಡೂದಿಲ್ಲ, ಒಂದು ತಾಸು ಅಂತರ ಇದ್ರ ಛಲೋ. ರಕ್ತ ಕಡಿಮಿ ಇರೋ ಹೆಣ್ಮಕ್ಕಳು ಇದನ್ನ ಮರೀಬ್ಯಾಡ್ರಿ.

ಉರಿ ಅಂತ ದಿನಾ ಅಡಿಗಿ ಸೋಡಾ ಕುಡಿಯೋ ರೂಢಿ ನಮ್ಮ ಕಡೆ ಬಹಳ ಐತಿ. ಒಂದು ಚಮಚ ಸೋಡಾದಾಗ 1,200 ಮಿಲಿಗ್ರಾಂ ಮ್ಯಾಲೆ ಸೋಡಿಯಂ ಇರ್ತೈತಿ, ಇಡೀ ದಿನಕ್ಕ 2,000ರೊಳಗ ಇರಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳೂದು. ಬಿಪಿ, ಹಾರ್ಟ್, ಕಿಡ್ನಿ ತೊಂದ್ರಿ ಇದ್ದೋರು ಹಂಗ ಮಾಡಬಾರದು.

ನುಂಗಾಕ ತ್ರಾಸ, ಕಪ್ಪು ಸಂಡಾಸ, ರಕ್ತ ವಾಂತಿ, ಕಾರಣ ಇಲ್ಲದ ತೂಕ ಇಳಿಯೂದು ಇದ್ರ ಪಟ್ಟಿ ಗಿಟ್ಟಿ ಬಿಟ್ಟು ಡಾಕ್ಟರ್ ಕಡೆ ಹೋಗ್ರಿ. ಎದಿ ಬಿಗಿತ, ಬೆವರು, ಎಡಗೈಗೋ ದವಡಿಗೋ ನೋವು ಹರದ್ರ "ಗ್ಯಾಸ್ ಆಗೇತಿ" ಅಂತ ಸೋಡಾ ಕುಡದು ಕೂಡಬ್ಯಾಡ್ರಿ, ಆಗಿಂದಾಗ ದವಾಖಾನಿ. ಇದನ್ನ ಮನ್ಯಾಗ ವಯಸ್ಸಾದೋರಿಗೆ ಓದಿ ಹೇಳ್ರಿ ಅಂತ ಕೈಮುಗಿದು ಕೇಳ್ತೇನಿ.

ಪಿಎಚ್ ಖರೇನಾ ಲೆಕ್ಕಕ್ಕ ಬರೂದು ಹಲ್ಲಿನ್ಯಾಗ

5.5ರ ಕೆಳಗ ಹೋದ್ರ ಹಲ್ಲಿನ ಮ್ಯಾಲಿನ ಎನಾಮೆಲ್ ಕರಗಾಕ ಶುರು ಆಗ್ತೈತಿ. ಕೂಲ್‌ಡ್ರಿಂಕ್ಸ್, ಲಿಂಬಿ ಸೋಡಾ, ಪ್ಯಾಕೆಟ್ ಜ್ಯೂಸ್ ತಾಸುಗಟ್ಟಲೆ ಚೂರು ಚೂರು ಹೀರೂದು ಬಿಡ್ರಿ, ಕುಡಿಯೂದಿದ್ರ ಒಮ್ಮೆ ಕುಡದು ನೀರು ಮುಕ್ಕಳಿಸ್ರಿ, ಕೂಡ್ಲೆ ಬ್ರಶ್ ಮಾಡಬ್ಯಾಡ್ರಿ, ಅರ್ಧ ತಾಸರ ಬಿಡ್ರಿ. ಹಾಲಿನ ಚಾದ ಪಿಎಚ್ ಇದಕ್ಕಿಂತ ಮ್ಯಾಲೈತಿ, ಆದ್ರ ಸಕ್ಕರಿ ಐತಲ್ಲ, ಬಾಯ್ಯಾಗಿನ ಬ್ಯಾಕ್ಟೀರಿಯಾ ಅದನ್ನ ತಿಂದು ತಾವಾ ಆಮ್ಲ ಮಾಡ್ತಾವು. ದಿನಾಪೂರ್ತಿ ಸಕ್ಕರಿ ಚಾ ಕುಡಿಯೋ ಬಾಯಿಗೆ ಅಷ್ಟು ಸಲನೂ ಆಮ್ಲನಾ.

ಕಡೀಕ ಬೆಲ್ಲದ ಚಾ, ಒಡಿಯದಂಗ

ಮಹಾಲಿಂಗಪುರ, ಮುಧೋಳ ಕಡೆ ಇಷ್ಟು ಚಲೋ ಬೆಲ್ಲ ಇದ್ದೂ "ಬೆಲ್ಲದ ಚಾ ಒಡದು ಹೋಗ್ತೈತಿ" ಅಂತ ಸಕ್ಕರಿ ಹಾಕೋರು ಬಹಳ ಮಂದಿ. ಇದೂ ಪಿಎಚ್ ಲೆಕ್ಕಾನಾ. ಹಾಲು 4.6ಕ್ಕ ಇಳದ್ರ ತಣ್ಣಗಿದ್ರೂ ಒಡಿತೈತಿ, ಕುದಿಯಾಗ ಅಷ್ಟು ಇಳಿಯೂದಾ ಬ್ಯಾಡ, 6ರ ಆಜೂಬಾಜೂ ಬಂದ್ರ ಸಾಕು. ಕಬ್ಬಿನ ಹಾಲು ಮೊದಲಾ ಹುಳಿ ಕಡೆ ಇರ್ತೈತಿ, ಗಾಣದಾಗ ಬೆಲ್ಲ ಮಾಡೋರು ಅದಕ್ಕ ಸುಣ್ಣ ಹಾಕಿ ಸರಿ ಮಾಡ್ತಾರ, ಬೆಂಡಿ ಗಿಡದ ಲೋಳಿ ಹಾಕಿ ಕೊಳಿ ತಗೀತಾರ. ಬೆಲ್ಲ ಹಳೇದಾಗಿ ಜಿನಗಿದ್ರ ಹುಳಿ ಏರಿರ್ತೈತಿ. ಬೆಲ್ಲ ಚೂರು ಡಿಸ್ಟಿಲ್ಡ್ ನೀರಾಗ ಕರಗಿಸಿ ಪಿಎಚ್ ಪೇಪರ್ ಅದ್ದಿ ನೋಡ್ರಿ, 5ಕ್ಕ ಹತ್ತಿರ ಬಂದ್ರ ಅದು ಹೋಳಿಗಿಗೆ ಇರಲಿ, ಚಾಕ್ಕ ಬ್ಯಾಡ.

ಅಲ್ಲ, ಅಂದ್ರ ಹಸಿ ಶುಂಠಿ, ಹಾಕೋರಿಗೆ ಇನ್ನೊಂದು ಮಾತು, ಹಸಿ ಶುಂಠ್ಯಾಗ ಹಾಲಿನ ಪ್ರೋಟೀನ್ ಕತ್ತರಿಸೋ ಎಂಜೈಮ್ ಐತಿ, ಅದನ್ನ ಹಾಲಿಗೆ ಸೀದಾ ಹಾಕಿದ್ರ ಬೆಲ್ಲ ಇಲ್ಲದನೂ ಒಡಿತೈತಿ, ನೀರಾಗ ಮೊದಲ ಕುದಿಸಿದ್ರ ಆ ಎಂಜೈಮ್ ಸಾಯ್ತೈತಿ.

ಅದಕ್ಕ ಹಿಂಗ ಮಾಡ್ರಿ. ಎರಡು ಕಪ್ಪಿಗೆ ಒಂದು ಕಪ್ ನೀರು, ಜಜ್ಜಿದ ಅಲ್ಲ ಹಾಕಿ ನಾಕು ನಿಮಿಷ ಮಳ್ಳಸ್ರಿ, ಚಾಪುಡಿ ಎರಡು ಚಮಚ, ಮತ್ತೆರಡು ನಿಮಿಷ. ಬಾಜೂಕಿನ ಒಲಿ ಮ್ಯಾಲೆ ಒಂದು ಕಪ್ ಹಾಲು ಬ್ಯಾರೆನಾ ಕುದಿಸ್ರಿ, ಮುಂಜಾನಿ ಹಾಲು ಹೊರಗ ಇಟ್ಟಿದ್ರ ಮೊದಲ ಒಂದು ಚಮಚ ಮಾತ್ರ ಕುದಿಸಿ ಒಡಿಯೂದಿಲ್ಲ ಅಂತ ನೋಡ್ಕೋರಿ. ಡಿಕಾಕ್ಷನ್‌ಗೆ ಬೆಲ್ಲ ಹಾಕಿ ಕರಗಿದ ಕೂಡ್ಲೆ ಒಲಿ ಆರಿಸಿ ಸೋಸ್ರಿ. ಒಂದು ನಿಮಿಷ ತಡದು, ಕುದಿ ಇಳದಮ್ಯಾಲೆ, ಬಿಸಿ ಹಾಲು ಮೆಲ್ಲಕ ಸುರವಿ ತಿರುವ್ರಿ. ಕೂಡಿಸಿದಮ್ಯಾಲೆ ಮತ್ತ ಒಲಿ ಮ್ಯಾಲೆ ಇಡಬ್ಯಾಡ್ರಿ.